ಆಕಾಶದಿಂದ ಬೆಳೆ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೋನ್ ಮತ್ತು ಉಪಗ್ರಹದ ಚಿತ್ರ ಇಟ್ಟುಕೊಂಡು ಬೆಳೆ ನೋಡುವ ಕೆಲಸ ನನ್ನದು. ಕೃಷಿ ಮೇಳದಲ್ಲಿ, ಹೊಲದ ಬದುವಿನ ಮೇಲೆ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ತಲೆ ತಿನ್ನುವಂಥವು. ಬೇಕಾದ್ದನ್ನು ಮಾತ್ರ ಓದಿದರೂ ನಡೆಯುತ್ತದೆ.

## ಶುರುವಿಗೆ

ಮೇಲಿಂದ ಫೋಟೋ ತೆಗೆದ್ರೆ ಬೆಳೆ ಚೆನ್ನಾಗಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?

ಎಲೆ ಎಲ್ಲ ಬೆಳಕನ್ನೂ ಒಂದೇ ರೀತಿ ನೋಡಿಕೊಳ್ಳುವುದಿಲ್ಲ. ಕೆಂಪು ಬೆಳಕನ್ನು ಪತ್ರಹರಿತ್ತು ಹೀರಿಕೊಂಡು ಆಹಾರ ಮಾಡಲು ಬಳಸುತ್ತದೆ. ಹಸಿರನ್ನು ಸ್ವಲ್ಪ ವಾಪಸ್ ಕಳಿಸುತ್ತದೆ, ಅದಕ್ಕೇ ಎಲೆ ನಮಗೆ ಹಸಿರು. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ನಿಯರ್ ಇನ್‌ಫ್ರಾರೆಡ್. ಆರೋಗ್ಯವಾಗಿರುವ ಎಲೆ ಇದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಹೊರಗೆ ಚೆಲ್ಲುತ್ತದೆ. ಎಲೆಯ ಒಳಗಿನ ಜೀವಕೋಶಗಳು, ಅವುಗಳ ನಡುವಿನ ಗಾಳಿಯ ಜಾಗ ಸರಿಯಾಗಿದ್ದಾಗ ಹೀಗಾಗುತ್ತದೆ.

ಬೆಳೆ ಬಳಲಿದಾಗ ಎರಡೂ ತಿರುಗುಮುರುಗಾಗುತ್ತವೆ. ಕೆಂಪು ಜಾಸ್ತಿ ವಾಪಸ್ ಬರುತ್ತದೆ, ಇನ್‌ಫ್ರಾರೆಡ್ ಕಡಿಮೆಯಾಗುತ್ತದೆ. ಈ ಎರಡನ್ನೂ ಅಳೆಯುವ ಕ್ಯಾಮೆರಾ ಮೇಲೆ ಇದ್ದರೆ, ಹೊಲದ ಯಾವ ಮೂಲೆ ಬಳಲಿದೆ ಎಂದು ಕೆಳಗೆ ಕೂತು ಹೇಳಬಹುದು. ಯಾಕೆ ಬಳಲಿದೆ ಎಂಬುದು ಮಾತ್ರ ಬೇರೆ ಪ್ರಶ್ನೆ, ಅದಕ್ಕೆ ಮುಂದೆ ಬರುತ್ತೇನೆ.

ಎಲ್ರೂ ಎನ್‌ಡಿವಿಐ ಎನ್‌ಡಿವಿಐ ಅಂತಾರೆ. ಏನದು?

ಆ ಎರಡು ಬೆಳಕಿನ ಲೆಕ್ಕ, ಅಷ್ಟೇ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆಯಿರಿ. ಎರಡನ್ನೂ ಕೂಡಿಸಿ. ಕಳೆದಿದ್ದನ್ನು ಕೂಡಿಸಿದ್ದರಿಂದ ಭಾಗಿಸಿ. ಚೆನ್ನಾಗಿ ಬೆಳೆದ ಮೆಕ್ಕೆಜೋಳ ಇನ್‌ಫ್ರಾರೆಡ್‌ನಲ್ಲಿ ನೂರಕ್ಕೆ 45 ಭಾಗ, ಕೆಂಪಿನಲ್ಲಿ 5 ಭಾಗ ವಾಪಸ್ ಕಳಿಸಿತು ಅನ್ನೋಣ. 40ನ್ನು 50ರಿಂದ ಭಾಗಿಸಿದರೆ 0.8. ಸೊರಗಿದ ಜಾಗದಲ್ಲಿ 30 ಮತ್ತು 15 ಬಂದರೆ, 15ನ್ನು 45ರಿಂದ ಭಾಗಿಸಿ, 0.33.

ಖಾಲಿ ಮಣ್ಣು ಸಾಮಾನ್ಯವಾಗಿ 0.1ರಿಂದ 0.2ರ ಆಸುಪಾಸು ಇರುತ್ತದೆ. ನಿಂತ ನೀರು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ದಟ್ಟ ಬೆಳೆ 0.8 ದಾಟುತ್ತದೆ. ನಿಮ್ಮ 0.6ನ್ನು ಪಕ್ಕದ ಊರಿನವರ 0.6ರ ಜೊತೆ ಹೋಲಿಸಲು ಹೋಗಬೇಡಿ. ತಿಂಗಳ ತೊಗರಿಗೆ 0.6 ಬಂದರೆ ಖುಷಿಪಡಬೇಕು. ತೆನೆ ಬಿಚ್ಚುವ ಹೊತ್ತಿನ ಭತ್ತಕ್ಕೆ ಅದೇ 0.6 ಬಂದರೆ ಗದ್ದೆಗೆ ಓಡಬೇಕು. ಒಂದೇ ಬೆಳೆ, ಒಂದೇ ವಯಸ್ಸು, ಒಂದೇ ದಿನದ ಚಿತ್ರ ಇದ್ದಾಗ ಮಾತ್ರ ಹೋಲಿಕೆಗೆ ಅರ್ಥ.

ಡ್ರೋನ್ ಬೇಕೇ ಬೇಕಾ? ಉಪಗ್ರಹದ ಚಿತ್ರ ಸಾಕಾಗಲ್ವಾ?

ಬಹಳ ಸಲ ಉಪಗ್ರಹವೇ ಸಾಕು, ಅದೂ ಪುಕ್ಕಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಹಾರುತ್ತಿವೆ. ಜೋಡಿಯಾಗಿ 5 ದಿನಕ್ಕೊಮ್ಮೆ ನಿಮ್ಮ ಹೊಲದ ಮೇಲೆ ಬರುತ್ತವೆ, ಬೆಳಗಿನ ಹತ್ತೂವರೆ ಸುಮಾರಿಗೆ. ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್. ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್! ಹಾಗಾಗಿ ಗುಂಟೆಗೆ ಒಂದು ಚುಕ್ಕಿ, ಎಕರೆಗೆ 40 ಚುಕ್ಕಿ ಎಂದು ನೆನಪಿಟ್ಟುಕೊಂಡರೆ ಆಯಿತು. ಯುರೋಪಿನವರು ನಮ್ಮ ಸರ್ವೆ ಇಲಾಖೆಯವರನ್ನು ಕೇಳಿ ಮಾಡಿದ ಹಾಗಿದೆ.

ಆದರೆ ಬದುವಿನ ಮೇಲಿನ ಚುಕ್ಕಿಗಳಲ್ಲಿ ನಿಮ್ಮ ಬೆಳೆ, ಬದುವಿನ ಹುಲ್ಲು, ಪಕ್ಕದವರ ಬೆಳೆ ಎಲ್ಲ ಕಲಸಿಹೋಗಿರುತ್ತವೆ. ಒಂದು ಎಕರೆಯ ಉದ್ದನೆ ಪಟ್ಟಿ ಹೊಲವಾದರೆ ನಿಮ್ಮದೇ ಎನ್ನುವಂಥ ಚುಕ್ಕಿಗಳು ಬೆರಳೆಣಿಕೆಯಷ್ಟು ಉಳಿಯುತ್ತವೆ. ಅಲ್ಲಿ ಡ್ರೋನ್ ಬೇಕು. 100 ಮೀಟರ್ ಎತ್ತರದಿಂದ ಅದರ ಒಂದು ಚುಕ್ಕಿ ಕೆಲವೇ ಸೆಂಟಿಮೀಟರ್. ಸಾಲು ಸಾಲು ಕಾಣುತ್ತದೆ, ಬಿಟ್ಟುಹೋದ ಗಿಡದ ಜಾಗ ಕಾಣುತ್ತದೆ. ನಾನು ಹೇಳುವುದು ಇಷ್ಟು: ಮೊದಲು ಉಪಗ್ರಹದಲ್ಲಿ ನೋಡಿ, ಅನುಮಾನ ಬಂದ ಕಡೆ ಮಾತ್ರ ಡ್ರೋನ್ ಕರೆಸಿ.

ನಮ್ದು ಎರಡೇ ಎಕರೆ ರೀ. ದಿನಾ ಹೊಲಕ್ಕ ಹೋಗ್ತೀವಿ. ಇದೆಲ್ಲ ನಮಗ್ಯಾಕ?

ಬೇಡ. ಎರಡು ಎಕರೆ ಶೇಂಗಾ ಅಥವಾ ರಾಗಿ ಇದ್ದು, ದಿನಾ ಸುತ್ತು ಹಾಕುವವರಿಗೆ ಡ್ರೋನ್‌ನವನು ಹೊಸದಾಗಿ ಹೇಳುವುದು ಏನೂ ಇರುವುದಿಲ್ಲ. ಆ ದುಡ್ಡಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ಲೆಕ್ಕ ಬದಲಾಗುವುದು ಒಳಗೆ ಕಾಲಿಡಲು ಆಗದ ಬೆಳೆಗೆ. ಏಳೆಂಟು ತಿಂಗಳ ಕಬ್ಬಿನಲ್ಲಿ ನಾಲ್ಕು ಸಾಲು ಒಳಗೆ ಹೋದರೆ ದಿಕ್ಕು ತಪ್ಪುತ್ತದೆ. ಎದೆ ದಾಟಿದ ತೊಗರಿಯೂ ಹಾಗೇ. ಬದುವಿನಿಂದ ನೋಡಿದರೆ ಎಲ್ಲ ಚೆಂದ, ನಡುವೆ ಅರ್ಧ ಎಕರೆ ಒಣಗಿದ್ದು ಕೊಯ್ಲಿನ ದಿನ ಗೊತ್ತಾಗುತ್ತದೆ. ಇನ್ನೊಂದು, ರೈತ ಉತ್ಪಾದಕ ಕಂಪನಿಯವರು ನೂರಾರು ಎಕರೆಗೆ ಒಟ್ಟಿಗೆ ಮಾಡಿಸಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಕಡಿಮೆ.

ಔಷಧಿ ಹೊಡೆಯೋ ಡ್ರೋನೇ ಇದನ್ನೂ ಮಾಡುತ್ತಾ?

ಇಲ್ಲ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಕೊಡುವುದು ಸಿಂಪಡಣೆಯ ಡ್ರೋನ್. ಅದಕ್ಕೆ ಟ್ಯಾಂಕು, ನಾಜಲ್ ಇರುತ್ತವೆ. ಬೆಳೆ ಅಳೆಯುವ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಇರುವುದಿಲ್ಲ. ನೋಡುವ ಡ್ರೋನ್ ಚಿಕ್ಕದು, ಹಗುರ, ಮೇಲೆ ಹಾರುತ್ತದೆ. ಹೊಡೆಯುವ ಡ್ರೋನ್ ದೊಡ್ಡದು, ಬೆಳೆಯ ತಲೆಯ ಮೇಲೇ ಹಾರುತ್ತದೆ. ಎರಡನ್ನೂ ಒಬ್ಬರೇ ಇಟ್ಟುಕೊಂಡಿದ್ದರೆ ಸ್ವಲ್ಪ ಹುಷಾರು. ನೋಡಿದವರಿಗೇ ಹೊಡೆಯುವ ಕೂಲಿಯೂ ಸಿಗುವುದಾದರೆ ಹೊಲದಲ್ಲಿ ರೋಗ ಜಾಸ್ತಿ ಕಾಣುತ್ತದೆ.

ಇದು ಈಗೀಗ ಬಂದಿದ್ದಲ್ವಾ? ಇನ್ನೂ ಪ್ರಯೋಗದಲ್ಲೇ ಇದೆಯಾ?

ಹಳೇ ವಿದ್ಯೆ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರಟಿಯವರ ತಂಡ ಕೇರಳದಲ್ಲಿ ಹೆಲಿಕಾಪ್ಟರ್‌ನಿಂದ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ತೆಂಗಿನ ತೋಟಗಳ ಫೋಟೋ ತೆಗೆದು, ಬೇರು ಸೊರಗು ರೋಗದ ಮರಗಳನ್ನು ಗುರುತಿಸಿತು. ಭಾರತದಲ್ಲಿ ದೂರಸಂವೇದಿ ಕೆಲಸ, ಅಂದರೆ ದೂರದಿಂದಲೇ ನೋಡಿ ಅಳೆಯುವ ಕೆಲಸ, ಶುರುವಾಗಿದ್ದೇ ಒಂದು ಬೆಳೆಯ ರೋಗದಿಂದ ಎನ್ನಬಹುದು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ 1986ರಲ್ಲಿ ಬಂತು. ನಮ್ಮದೇ ಉಪಗ್ರಹ ಐಆರ್‌ಎಸ್-1ಎ ಮೇಲೆ ಹೋಗಿದ್ದು 1988ರ ಮಾರ್ಚ್‌ನಲ್ಲಿ. ಹೊಸದೇನೆಂದರೆ ಅಗ್ಗದ ಡ್ರೋನು ಮತ್ತು ಪುಕ್ಕಟೆ ಚಿತ್ರ.

## ಚಿತ್ರ ಕೈಗೆ ಬಂದ ಮೇಲೆ

ಚಿತ್ರದಲ್ಲಿ ನಡುವೆ ಕೆಂಪು ಕಾಣ್ತಿದೆ. ಯಾವ ಔಷಧಿ ಹೊಡೀಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ: ಈಗಲೇ ಏನೂ ಹೊಡೆಯಬೇಡಿ. ಆ ಜಾಗಕ್ಕೆ ಹೋಗಿ.

ಎನ್‌ಡಿವಿಐ ಚಿತ್ರದಲ್ಲಿ ಕಡಿಮೆ ಅಂಕಿಗೆ ಕೆಂಪು, ಹೆಚ್ಚಿನದಕ್ಕೆ ಹಸಿರು ಬಳಿದಿರುತ್ತಾರೆ. ಚಿತ್ರಕ್ಕೆ ಗೊತ್ತಿರುವುದು ಅಲ್ಲಿ ಹಸಿರು ಕಡಿಮೆ ಎಂದು ಮಾತ್ರ. ನೀರು ನಿಂತರೂ ಹಸಿರು ಕಡಿಮೆ, ನೀರು ಇಲ್ಲದಿದ್ದರೂ ಕಡಿಮೆ. ಸಾರಜನಕ ಸಾಲದೆ, ಸತು ಸಾಲದೆ, ಬೇರು ಕೊಳೆತು, ಹಂದಿ ನುಗ್ಗಿ, ಬೀಜವೇ ಹುಟ್ಟದೆ, ಯಾವುದಾದರೂ ಆಗಿರಬಹುದು. ಎಲ್ಲಕ್ಕೂ ಚಿತ್ರದಲ್ಲಿ ಅದೇ ಕೆಂಪು.

ಆದರೂ ಮಚ್ಚೆಯ ಆಕಾರ ಸುಳಿವು ಕೊಡುತ್ತದೆ. ನೇರ ಗೆರೆ ಬಂದರೆ ಅದು ಮನುಷ್ಯರ ಕೆಲಸ. ಇಷ್ಟಿಷ್ಟು ಸಾಲಿಗೊಂದು ಪೇಲವ ಗೆರೆ ಹೊಲದ ಉದ್ದಕ್ಕೂ ಹೋಗಿದ್ದರೆ, ಬಿತ್ತುವಾಗ ಕೂರಿಗೆಯ ಒಂದು ಗೊಬ್ಬರದ ಕೊಳವೆ ಕಟ್ಟಿಕೊಂಡಿತ್ತು ಎಂದೇ ಲೆಕ್ಕ. ರೋಗಕ್ಕೆ ಅಳತೆ ಹಿಡಿದು ಸಾಲು ಬಿಟ್ಟು ಸಾಲು ಹಿಡಿಯಲು ಬರುವುದಿಲ್ಲ. ದುಂಡಗೆ ಶುರುವಾಗಿ ವಾರವಾರ ಅಗಲವಾಗುವ ಮಚ್ಚೆ ರೋಗದ್ದೋ ಹುಳುವಿನದ್ದೋ ಇರಬಹುದು. ಅಗಲವಾಗದೆ ಪ್ರತಿವರ್ಷ ಅದೇ ಜಾಗದಲ್ಲಿ ಬರುವ ಮಚ್ಚೆ ಮಣ್ಣಿನದು. ಕೆಳಗೆ ಸುಣ್ಣದ ಪದರ ಇದೆ, ಅಥವಾ ಸವಳು, ಅಂದರೆ ಉಪ್ಪೇರಿದ ಮಣ್ಣು. ತುಂಗಭದ್ರಾ ಅಚ್ಚುಕಟ್ಟಿನ ತಗ್ಗಿನ ಹೊಲಗಳಲ್ಲಿ ಈ ಸವಳು ಮಚ್ಚೆ ಬಹಳ. ಬದುವಿನ ಬೇವಿನ ಮರದ ಸುತ್ತ ಮಾತ್ರ ಕೆಂಪಾಗಿದ್ದರೆ ಅದು ನೆರಳು, ಬೇರಿನ ಪೈಪೋಟಿ. ಬಿಟ್ಟುಬಿಡಿ.

ಹೋಗುವಾಗ ಮೂರು ಕಡೆ ನಿಲ್ಲಿ. ಮಚ್ಚೆಯ ನಡುವೆ ಒಮ್ಮೆ, ಅಂಚಿನಲ್ಲಿ ಒಮ್ಮೆ, ಚೆನ್ನಾಗಿರುವ ಕಡೆ ಒಮ್ಮೆ. ಅಂಚನ್ನು ಮಾತ್ರ ಬಿಡಬೇಡಿ. ನಡುವೆ ಗಿಡ ಸತ್ತೇ ಹೋಗಿರುತ್ತದೆ, ಸತ್ತ ಗಿಡ ಏನೂ ಹೇಳುವುದಿಲ್ಲ. ಅಂಚಿನ ಗಿಡ ಈಗಷ್ಟೇ ಕಾಯಿಲೆ ಬೀಳುತ್ತಿರುತ್ತದೆ.

ಕಲಬುರಗಿ ಕಡೆಯ ತೊಗರಿಯನ್ನೇ ತೆಗೆದುಕೊಳ್ಳಿ. ಅಂಚಿನಲ್ಲಿ ತುದಿ ಬಾಗಿದ ಒಂದು ಗಿಡ ಕೀಳಿ. ಬುಡದ ಹತ್ತಿರ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳಗೆ ಕಂದು, ಕಪ್ಪು ಗೆರೆ ಮೇಲಕ್ಕೆ ಹತ್ತಿದ್ದರೆ ಅದು ನೆಟೆ ರೋಗ. ಒಳಗೆ ಬೆಳ್ಳಗೆ ಇದ್ದು, ಬೇರಿನ ಸಿಪ್ಪೆ ಕೊಳೆತು ಕೈಗೆ ಬಂದರೆ ಬೇರು ಕೊಳೆ. ಬೇರು ಕಾಂಡ ಎರಡೂ ಗಟ್ಟಿಯಿದ್ದು ಮಣ್ಣು ಮಾತ್ರ ಕೆಸರಾಗಿದ್ದರೆ ನೀರು ಬಸಿದು ಹೋಗಲು ಕಾಲುವೆ ಹೊಡೆಯುವುದೇ ಔಷಧಿ. ಈ ಮೂರನ್ನು ಬೇರೆ ಮಾಡಲು ಒಂದು ಚಾಕು ಸಾಕು, ಯಾವ ಕ್ಯಾಮೆರಾದಿಂದಲೂ ಆಗುವುದಿಲ್ಲ.

ಹೋದ ವಾರ ಎಲ್ಲ ಹಸಿರಿತ್ತು. ಈ ವಾರ ಅರ್ಧ ಹೊಲ ಕೆಂಪು ತೋರಿಸ್ತಿದೆ. ಗಾಬರಿ ಆಗ್ತಿದೆ.

ಮೊದಲು ಬಣ್ಣದ ಪಟ್ಟಿ ನೋಡಿ. ಬಹಳ ಆ್ಯಪ್‌ಗಳು ಆಯಾ ದಿನದ ಅತಿ ಕಡಿಮೆ ಅಂಕಿಗೆ ಕೆಂಪು, ಅತಿ ಹೆಚ್ಚಿನದಕ್ಕೆ ಹಸಿರು ಕೊಡುತ್ತವೆ. ಇಡೀ ಹೊಲ 0.78ರಿಂದ 0.82ರ ಒಳಗೆ ಇದ್ದರೂ 0.78ಕ್ಕೆ ರಕ್ತಗೆಂಪು ಬಳಿದುಬಿಡುತ್ತವೆ. ಬಣ್ಣ ಬಿಟ್ಟು ಅಂಕಿ ಓದಿ. ಆಮೇಲೆ ಮೋಡದ ನೆರಳು ಬಿದ್ದಿದೆಯೇ ನೋಡಿ. ಎರಡೂ ಅಲ್ಲ ಅಂದರೆ ಹೊಲಕ್ಕೆ ಹೋಗಿ.

ಸೀಸನ್ ಪೂರ್ತಿ ಚಿತ್ರ ಹಸಿರೇ ಇತ್ತು. ಇಳುವರಿ ಮಾತ್ರ ಬರಲಿಲ್ಲ. ಯಾಕೆ?

ಹಸಿರು ಎಂದರೆ ಎಲೆ. ನೀವು ಮಾರುವುದು ಕಾಳು.

ತೊಗರಿಯ ಗೊಡ್ಡು ರೋಗ ನೋಡಿ. ನುಸಿಯಿಂದ ಹರಡುವ ವೈರಸ್ ಅದು. ಗಿಡ ಪೊದೆಯಾಗುತ್ತದೆ, ತಿಳಿ ಹಸಿರು ಸಣ್ಣ ಎಲೆ ಬಿಡುತ್ತದೆ, ಹೂವು ಮಾತ್ರ ಬಿಡುವುದಿಲ್ಲ. ಸುತ್ತಲಿನ ಒಳ್ಳೆಯ ಗಿಡಗಳು ಕಾಯಿ ಕಟ್ಟಿ ಎಲೆ ಹಣ್ಣಾಗುವ ಹೊತ್ತಿಗೂ ಇದು ಹಸಿರಾಗೇ ನಿಂತಿರುತ್ತದೆ. ಕೊಯ್ಲಿನ ಹತ್ತಿರದ ಚಿತ್ರದಲ್ಲಿ ಹಸಿರು ಮಚ್ಚೆಯೇ ರೋಗದ ಜಾಗ, ಹಳದಿಯಾದದ್ದೇ ಬೆಳೆ! ಕಾಯಿಕೊರಕವೂ ಮೇಲಿಂದ ಕಾಣುವುದಿಲ್ಲ. ಹುಳು ಕಾಯಿ ತೂತು ಮಾಡಿ ಕಾಳು ತಿನ್ನುತ್ತದೆ, ಎಲೆ ಹಾಗೇ ಇರುತ್ತದೆ. ಭತ್ತಕ್ಕೆ ಯೂರಿಯಾ ಜಾಸ್ತಿ ಸುರಿದರೆ ಕಡು ಹಸಿರಾಗಿ, ಆಮೇಲೆ ನೆಲಕ್ಕೆ ಒರಗುತ್ತದೆ.

ಕಳೆಯೂ ಹಸಿರೇ. ಕಳೆ ತೆಗೆಯದ ಹೊಲದ ಎನ್‌ಡಿವಿಐ ತೆಗೆದ ಹೊಲಕ್ಕಿಂತ ಚೆನ್ನಾಗಿ ಕಂಡಿದ್ದು ಎಷ್ಟೋ ಸಲ ಇದೆ.

ಮೆಕ್ಕೆಜೋಳದ ಸೈನಿಕ ಹುಳು ಡ್ರೋನ್‌ನಲ್ಲಿ ಕಾಣುತ್ತಾ?

ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈ ಹುಳು, ಅಂದರೆ ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಅದು ಸುಳಿಯ ಒಳಗೆ ಕೂತು ತಿನ್ನುತ್ತದೆ. ಔಷಧಿಗೆ ಬಗ್ಗುವುದು ಮರಿ ಇರುವಾಗ. ಆಗ ಎಲೆಯ ಮೇಲೆ ಬಿಳಿ ಕೆರೆದ ಗುರುತು ಮಾತ್ರ ಇರುತ್ತದೆ. ಮೇಲಿಂದ ಗೊತ್ತಾಗುವಷ್ಟು ಎಲೆ ಹರಿದ ಮೇಲೆ ಹುಳು ದೊಡ್ಡದಾಗಿರುತ್ತದೆ. ಇದಕ್ಕೆ ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಹಾಕಿ, ವಾರಕ್ಕೆರಡು ಸಲ ಸುಳಿ ಬಿಡಿಸಿ ನೋಡಿ.

ನಮ್ಮದು ಮಲೆನಾಡು ಮಾರಾಯ್ರೆ, ಅಡಿಕೆ, ಕಾಫಿ. ನಮಗೂ ಆಗ್ತದಾ?

ಅಡಿಕೆಗೆ ಸ್ವಲ್ಪ ಆಗುತ್ತದೆ. ಡ್ರೋನ್‌ಗೆ ಮರದ ತಲೆ ಒಂದೊಂದಾಗಿ ಕಾಣುವುದರಿಂದ ಮರ ಎಣಿಸಬಹುದು, ಹಳದಿಯಾದ ಗರಿಯ ಮರಗಳನ್ನು ಗುರುತು ಮಾಡಬಹುದು. ಎಲೆಚುಕ್ಕೆ ಕೆಳಗಿನ ಗರಿಗಳಿಗೆ ಮೊದಲು ಹತ್ತುವುದರಿಂದ ಶುರುವಿನಲ್ಲಿ ಮೇಲಿಂದ ತಪ್ಪಿಹೋಗುತ್ತದೆ. ಅಡಿಕೆಯ ಕೆಳಗಿನ ಏಲಕ್ಕಿ, ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು ಸರಿಯಾಗಿ ಕಾಣುವುದಿಲ್ಲ.

ನೆರಳಿನ ಕಾಫಿಗೆ ಬೇಡವೇ ಬೇಡ. ನೀವು ಅಳೆಯುವುದು ಸಿಲ್ವರ್ ಓಕ್‌ನ ಆರೋಗ್ಯವನ್ನು.

## ಹಾರಿಸುವ ವಿಚಾರ

ನನ್ನ ಹೊಲದ ಮೇಲೆ ನಾನು ಡ್ರೋನ್ ಹಾರಿಸಲು ಯಾರ ಪರ್ಮಿಷನ್ ಬೇಕು?

ಹೊಲ ನಿಮ್ಮದು, ಮೇಲಿನ ಆಕಾಶ ನಿಮ್ಮದಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಊರು ಹಸಿರು ವಲಯದಲ್ಲಿದ್ದರೆ 400 ಅಡಿಯವರೆಗೆ ಹಾರಿಸಲು ಬೇರೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ ಈ ಮಿತಿ 200 ಅಡಿ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ್ದು.

2 ಕೆ.ಜಿ.ವರೆಗಿನ ಡ್ರೋನನ್ನು ಸ್ವಂತಕ್ಕೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ. ಅದೇ ಡ್ರೋನನ್ನು ಬಾಡಿಗೆಗೆ ಹಾರಿಸಿದರೆ ಬೇಕು. 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ತರಬೇತಿ ಮುಗಿಸಿರಬೇಕು. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದು ನಿಷೇಧವಾಗಿದೆ, ಸಂಶೋಧನೆಯಂಥ ಕೆಲವು ವಿನಾಯಿತಿ ಬಿಟ್ಟು. "ದುಬೈನಿಂದ ಅಳಿಯ ತಂದುಕೊಡ್ತಾನೆ" ಎನ್ನುವವರು ಇದನ್ನು ಇನ್ನೊಮ್ಮೆ ಓದಿ. ಹಾರಿಸುವ ಮುಂಚೆ ಈಗಿನ ನಿಯಮ ನೋಡಿಕೊಳ್ಳಿ, ತಿದ್ದುಪಡಿಗಳು ಬರುತ್ತಿರುತ್ತವೆ.

ಯಾವ ಹೊತ್ತಿನಲ್ಲಿ ಹಾರಿಸೋದು ಒಳ್ಳೇದು?

ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ. ಸೂರ್ಯ ಮೇಲಿದ್ದರೆ ಗಿಡದ ನೆರಳು ಗಿಡದ ಬುಡಕ್ಕೇ ಬೀಳುತ್ತದೆ. ಇಬ್ಬನಿ ಆರಿರಬೇಕು. ಪೂರ್ತಿ ಬಿಸಿಲಾದರೂ ಸರಿ, ಪೂರ್ತಿ ಮೋಡವಾದರೂ ಪರವಾಗಿಲ್ಲ. ಬಿಸಿಲು-ಮೋಡ ಆಟ ಆಡುತ್ತಿದ್ದರೆ ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ. ಹಾರುವ ಮುಂಚೆ, ಇಳಿದ ಮೇಲೆ ಬೂದು ಬಣ್ಣದ ಪ್ಯಾನೆಲ್‌ನ ಫೋಟೋ ತೆಗೆಯುತ್ತಾರಲ್ಲ, ಆ ಹೊತ್ತಿನ ಬೆಳಕಿನ ಅಳತೆಗೆ ಅದು ಬೇಕೇ ಬೇಕು. ಅದಿಲ್ಲದೆ ಈ ವಾರದ ಅಂಕಿಯನ್ನು ಮುಂದಿನ ವಾರದ್ದಕ್ಕೆ ಹೋಲಿಸಲು ಬರುವುದಿಲ್ಲ. ಒಂದು ಫೋಟೋ ಇನ್ನೊಂದರ ಮೇಲೆ ನೂರಕ್ಕೆ 75ರಿಂದ 80 ಭಾಗ ಬರುವ ಹಾಗೆ ಹಾರಿಸಿ. ಎಲ್ಲ ಎಲೆಯೂ ಒಂದೇ ಥರ ಇರುವುದರಿಂದ, ಇಷ್ಟು ಇಲ್ಲದಿದ್ದರೆ ಸಾಫ್ಟ್‌ವೇರ್‌ಗೆ ಜೋಡಿಸಲು ಗುರುತೇ ಸಿಗುವುದಿಲ್ಲ.

ಮದುವೆ ಶೂಟಿಂಗ್ ಮಾಡೋ ಡ್ರೋನ್ ಇದೆ. ಅದರಲ್ಲಿ ಮಾಡಬಹುದಾ?

ಎನ್‌ಡಿವಿಐ ಆಗುವುದಿಲ್ಲ. ಮಾಮೂಲಿ ಕ್ಯಾಮೆರಾಕ್ಕೆ ಇನ್‌ಫ್ರಾರೆಡ್ ಬರದಂತೆ ಫಿಲ್ಟರ್ ಹಾಕಿರುತ್ತಾರೆ. ಹಾಗಂತ ಅದು ದಂಡವೂ ಅಲ್ಲ. ಎಲ್ಲಿ ಬೀಜ ಹುಟ್ಟಿಲ್ಲ, ಎಲ್ಲಿ ನೀರು ನಿಂತಿದೆ, ಎಷ್ಟು ಒರಗಿದೆ, ಹಂದಿ ಎಲ್ಲಿಂದ ನುಗ್ಗಿದೆ ಎಂಬುದಕ್ಕೆ ಬಣ್ಣದ ಫೋಟೋ ಎನ್‌ಡಿವಿಐಗಿಂತ ವಾಸಿ. ಬಿತ್ತಿದ ಎರಡು ಮೂರು ವಾರಕ್ಕೆ ಒಂದು ಸಲ ತೆಗೆದರೆ ಬಿಟ್ಟುಹೋದ ಜಾಗಕ್ಕೆ ಮತ್ತೆ ಬೀಜ ಹಾಕಲು ಸಮಯ ಇರುತ್ತದೆ.

ಮುಂಗಾರಿನಲ್ಲಿ ದಿನಾ ಮೋಡ. ಉಪಗ್ರಹಕ್ಕೆ ಏನು ಕಾಣುತ್ತೆ?

ಮೋಡವೇ ಕಾಣುತ್ತದೆ. ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೊಂದು ಒಳ್ಳೆಯ ಚಿತ್ರ ಸಿಕ್ಕರೆ ಪುಣ್ಯ. ಹಿಂಗಾರಿನ ಕಡಲೆ, ಬಿಳಿ ಜೋಳಕ್ಕೆ ಈ ತೊಂದರೆ ಇಲ್ಲ.

ಮೋಡ ತೂರಿ ನೋಡುವುದು ರೇಡಾರ್. ಯುರೋಪಿನ ಸೆಂಟಿನೆಲ್-1, ಇಸ್ರೋದ ಇಒಎಸ್-04, 2025ರ ಜುಲೈನಲ್ಲಿ ಹಾರಿದ ನಿಸಾರ್ ಇವು ತಾವೇ ರೇಡಿಯೋ ಅಲೆ ಕಳಿಸಿ, ಎಷ್ಟು ವಾಪಸ್ ಬಂತು ಎಂದು ಅಳೆಯುತ್ತವೆ. ಭತ್ತಕ್ಕೆ ಇದು ಹೇಳಿ ಮಾಡಿಸಿದ್ದು. ಗಂಗಾವತಿ, ಸಿಂಧನೂರು ಕಡೆ ನಾಟಿಗೆ ನೀರು ಕಟ್ಟಿದಾಗ ಗದ್ದೆ ಕನ್ನಡಿಯಂತೆ ಅಲೆಯನ್ನು ಆಚೆಗೆ ಹಾರಿಸುತ್ತದೆ, ಚಿತ್ರದಲ್ಲಿ ಕಪ್ಪು. ಭತ್ತ ಮೇಲೆದ್ದಂತೆ ಬೆಳ್ಳಗಾಗುತ್ತಾ ಬರುತ್ತದೆ. ಯಾವ ಗದ್ದೆ ಯಾವಾಗ ನಾಟಿಯಾಯಿತು ಎಂದು ಇದರಿಂದ ಹೇಳಬಹುದು. ಎಲೆ ಹಳದಿಯಾಗಿದೆಯೇ ಎಂದು ಮಾತ್ರ ರೇಡಾರ್‌ಗೆ ತಿಳಿಯುವುದಿಲ್ಲ. ಅದಕ್ಕೆ ಬಣ್ಣವೇ ಗೊತ್ತಿಲ್ಲ.

## ಬರ ಮತ್ತು ವಿಮೆ

2023ರಲ್ಲಿ ಹೊಲ ಹಸಿರಾಗೇ ಇತ್ತಲ್ಲ, ಬರ ಅಂತ ಹೇಗೆ ಘೋಷಿಸಿದ್ರು?

ಆ ವರ್ಷ "ಹಸಿರು ಬರ" ಎಂಬ ಮಾತು ವಿಧಾನಸೌಧದಿಂದ ಚಹಾ ಅಂಗಡಿಯವರೆಗೂ ಓಡಾಡಿತು. ಜೂನ್ ಕೈಕೊಟ್ಟಿತು. ಜುಲೈನಲ್ಲಿ ಮಳೆ ಬಂತು, ಜನ ಬಿತ್ತಿದರು. ಆಗಸ್ಟ್ ಪೂರ್ತಿ ಆಕಾಶ ಬಾಯಿ ಮುಚ್ಚಿಕೊಂಡಿತು. ಗಿಡ ಹಸಿರಾಗಿ ನಿಂತಿತು, ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲ. ಮೇಲಿಂದ ನೋಡಿದವರಿಗೆ, ಕಾರಿನಿಂದ ನೋಡಿದವರಿಗೆ ಹಸಿರು. ತೆನೆ ಸುಲಿದು ನೋಡಿದವರಿಗೆ ಬರ.

ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಮಳೆ ಕೊರತೆ ಮೊದಲ ಮೆಟ್ಟಿಲು. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದ ಸಸ್ಯ ಸೂಚ್ಯಂಕ, ಮಣ್ಣಿನ ತೇವ, ಜಲಾಶಯ-ಅಂತರ್ಜಲ ಇವುಗಳ ಲೆಕ್ಕ. ಕೊನೆಗೆ ಹಳ್ಳಿಗಳಿಗೆ ಹೋಗಿ ಬೆಳೆ ನೋಡಬೇಕು. ಸೆಪ್ಟೆಂಬರ್‌ನಲ್ಲಿ ರಾಜ್ಯ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಅದು 236ರಲ್ಲಿ 223ಕ್ಕೆ ಏರಿತು. ನನ್ನ ಪ್ರಕಾರ ಆ ವರ್ಷದ ಪಾಠ ಉಪಗ್ರಹ ಸುಳ್ಳು ಹೇಳಿತು ಎಂದಲ್ಲ. ಎಲೆ ಇದೆಯಾ ಎಂದು ಕೇಳಿದ್ದಕ್ಕೆ ಅದು ಇದೆ ಎಂದಿತು, ಅಷ್ಟೇ.

ಡ್ರೋನ್ ಫೋಟೋ ತೋರಿಸಿದ್ರೆ ಬೆಳೆ ವಿಮೆ ಬರುತ್ತಾ?

ಫೋಟೋ ಒಂದರಿಂದಲೇ ಬರುವುದಿಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಲೆಕ್ಕ ನಿಮ್ಮ ಹೊಲದ್ದಲ್ಲ, ಇಡೀ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯದು. ಅಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ನಿಮ್ಮದು ಪೂರ್ತಿ ಹೋಗಿ ಊರಿನದು ಚೆನ್ನಾಗಿದ್ದರೆ ಹಣ ಇಲ್ಲ. ಆಲಿಕಲ್ಲು, ಮೇಘಸ್ಫೋಟದಂಥ ಸ್ಥಳೀಯ ವಿಕೋಪಕ್ಕೆ ಹೊಲವಾರು ಪರಿಹಾರ ಇದೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ಆಗ ದಿನಾಂಕ, ಜಾಗ ದಾಖಲಾದ ಫೋಟೋ ಕೈಲಿದ್ದರೆ ಒಳ್ಳೆಯದು.

2023ರ ಮುಂಗಾರಿನಿಂದ ಭತ್ತ, ಗೋಧಿಗೆ ಇಳುವರಿ ಲೆಕ್ಕದಲ್ಲಿ ನೂರಕ್ಕೆ ಕನಿಷ್ಠ 30 ಭಾಗ ತಂತ್ರಜ್ಞಾನದ ಅಂದಾಜಿಗೆ ಕೊಡಬೇಕು ಎಂದು ಕೇಂದ್ರ ಹೇಳಿದೆ. ಅದು ಅವರ ಮಾದರಿಯ ಲೆಕ್ಕ, ನಿಮ್ಮ ಡ್ರೋನ್‌ದಲ್ಲ. ಇದೆಲ್ಲಕ್ಕಿಂತ ಮುಖ್ಯ, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್‌ಗೆ ಸರಿಯಾದ ಬೆಳೆ ಬಿದ್ದಿದೆಯೇ ನೋಡಿಕೊಳ್ಳಿ. ತೊಗರಿಗೆ ವಿಮೆ ಕಟ್ಟಿ ಸಮೀಕ್ಷೆಯಲ್ಲಿ ಹತ್ತಿ ಬರೆದಿದ್ದರೆ ಯಾವ ಚಿತ್ರವೂ ಕಾಪಾಡುವುದಿಲ್ಲ.

## ಇನ್ನೂ ಆಳಕ್ಕೆ

ಕಪ್ಪು ಮಣ್ಣು, ಕೆಂಪು ಮಣ್ಣು ಎರಡೂ ಇರೋ ಹೊಲದಲ್ಲಿ ಲೆಕ್ಕ ತಪ್ಪಲ್ವಾ?

ಬೆಳೆ ಚಿಕ್ಕದಿರುವಾಗ ತಪ್ಪುತ್ತದೆ. ಗಿಡದ ನಡುವೆ ಮಣ್ಣು ಕಾಣುತ್ತಿರುತ್ತದಲ್ಲ, ಅದರ ಬಣ್ಣವೂ ಲೆಕ್ಕಕ್ಕೆ ಸೇರುತ್ತದೆ. ಅಷ್ಟೇ ಬೆಳೆ ಇದ್ದರೂ ಕಪ್ಪು ಮಣ್ಣಿನ ಮೇಲೆ, ಅದರಲ್ಲೂ ಮಳೆ ಬಿದ್ದು ತೇವವಾದಾಗ, ಎನ್‌ಡಿವಿಐ ಜಾಸ್ತಿ ಬರುತ್ತದೆ. ಇದಕ್ಕೆಂದೇ ಎಸ್‌ಎವಿಐ ಎಂಬ ಸೂಚ್ಯಂಕ ಇದೆ. 45 ಭಾಗವನ್ನು 0.45 ಎಂದು ಬರೆದುಕೊಂಡು, ಎನ್‌ಡಿವಿಐ ಲೆಕ್ಕದ ಛೇದಕ್ಕೆ 0.5 ಕೂಡಿಸಿ, ಬಂದದ್ದನ್ನು 1.5ರಿಂದ ಗುಣಿಸುತ್ತಾರೆ. ಸಾಲು ಮುಚ್ಚುವವರೆಗೆ ಅದನ್ನು ಬಳಸಿ.

ನಮ್ಮ ಕಬ್ಬು 0.85ಕ್ಕೆ ಹೋಗಿ ನಿಂತುಬಿಟ್ಟಿದೆ. ಆಮೇಲೆ ಬೆಳೆದಿಲ್ವಾ?

ಕಬ್ಬು ಬೆಳೆಯುತ್ತಿದೆ, ಅಳತೆಗೋಲು ಮುಗಿದಿದೆ. ಎಲೆ ದಟ್ಟವಾದ ಮೇಲೆ ಕೆಂಪು ಬೆಳಕು ಮೇಲಿನ ಎಲೆಯಲ್ಲೇ ಪೂರ್ತಿ ಹೀರಿಹೋಗುತ್ತದೆ, ಕೆಳಗೆ ಇನ್ನೆಷ್ಟು ಎಲೆ ಇದ್ದರೂ ಅಂಕಿ ಏರುವುದಿಲ್ಲ. ಆಗ ಕೆಂಪಿನ ಬದಲು ರೆಡ್ ಎಡ್ಜ್, ಅಂದರೆ ಕೆಂಪಿಗೂ ಇನ್‌ಫ್ರಾರೆಡ್‌ಗೂ ನಡುವಿನ ಬೆಳಕನ್ನು ಬಳಸಿ. ಆ ಲೆಕ್ಕದ ಹೆಸರು ಎನ್‌ಡಿಆರ್‌ಇ. ಅದು ಎಲೆಯ ಇನ್ನೂ ಆಳಕ್ಕೆ ಇಳಿಯುತ್ತದೆ. ಸೆಂಟಿನೆಲ್-2ರಲ್ಲಿ ಈ ಬೆಳಕಿನ ಪಟ್ಟಿಗಳು (ಬ್ಯಾಂಡ್) 20 ಮೀಟರ್‌ನವು, ಅಂದರೆ ನಾಲ್ಕು ಗುಂಟೆಗೆ ಒಂದು ಚುಕ್ಕಿ.

ಚಿತ್ರ ನೋಡಿ ಎಕರೆಗೆ ಎಷ್ಟು ಯೂರಿಯಾ ಅಂತ ಹೇಳ್ತೀರಾ?

ಚಿತ್ರ ಮಾತ್ರ ನೋಡಿ ಹೇಳುವವರನ್ನು ನಂಬಬೇಡಿ. ಒಂದು ಹಳೇ ಉಪಾಯ ಇದೆ. ಬಿತ್ತುವಾಗಲೇ ಹೊಲದಲ್ಲಿ ಒಂದು ಪಟ್ಟಿಗೆ ಸಾರಜನಕ ಕೊರತೆಯೇ ಆಗದಷ್ಟು ಕೊಟ್ಟುಬಿಡಿ. ಉಪಗ್ರಹದಲ್ಲಿ ನೋಡುವುದಾದರೆ ಪಟ್ಟಿ 30 ಮೀಟರ್ ಅಗಲವಾದರೂ ಇರಲಿ. ಮೇಲುಗೊಬ್ಬರದ ಹೊತ್ತಿಗೆ ಆ ಪಟ್ಟಿಗೂ ಉಳಿದ ಹೊಲಕ್ಕೂ ಎನ್‌ಡಿಆರ್‌ಇಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಯೂರಿಯಾ ಸದ್ಯಕ್ಕೆ ಬೇಡ. ವ್ಯತ್ಯಾಸ ಇದ್ದರೆ ಬೇಕು. ಎಷ್ಟು ಎಂಬುದಕ್ಕೆ ನಿಮ್ಮ ಬೆಳೆಗೆ ಕೃಷಿ ವಿಶ್ವವಿದ್ಯಾಲಯ ಹೇಳಿದ ಪ್ರಮಾಣ ಇಟ್ಟುಕೊಂಡು ಲೆಕ್ಕ ಹಾಕಿ. ಹಳದಿಗೆ ಕಾರಣ ಸತುವೋ ಕಬ್ಬಿಣವೋ ಆಗಿದ್ದರೆ ಪಟ್ಟಿಯೂ ಹಳದಿಯಾಗೇ ಇರುತ್ತದೆ, ಅದೇ ಒಂದು ಸುಳಿವು.

ಥರ್ಮಲ್ ಕ್ಯಾಮೆರಾದಿಂದ ನೀರಿನ ಕೊರತೆ ಮೊದಲೇ ಗೊತ್ತಾಗುತ್ತಂತೆ, ಹೌದಾ?

ಹೌದು. ನೀರು ಸಾಲದಿದ್ದಾಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆವಿ ಹೋಗುವುದು ನಿಂತರೆ ತಂಪಾಗುವುದೂ ನಿಲ್ಲುತ್ತದೆ. ಎಲೆ ಬಿಸಿಯಾಗುತ್ತದೆ, ಬಣ್ಣ ಇನ್ನೂ ಬದಲಾಗಿರುವುದಿಲ್ಲ. ಹನಿ ನೀರಾವರಿಯ ದಾಳಿಂಬೆ, ದ್ರಾಕ್ಷಿಯಲ್ಲಿ ಕಟ್ಟಿಕೊಂಡ ಲ್ಯಾಟರಲ್ ಕೊಳವೆ ಹುಡುಕಲು ಒಳ್ಳೆಯದು, ಇಡೀ ಸಾಲೇ ಬಿಸಿ ತೋರಿಸುತ್ತದೆ. ಆದರೆ ಗಾಳಿ ಬೀಸಿದರೆ, ಮೋಡ ಅಡ್ಡ ಬಂದರೆ ನಿಮಿಷದಲ್ಲಿ ಅಂಕಿ ಬದಲಾಗುತ್ತದೆ. ಗಿಡದ ನಡುವಿನ ಬಿಸಿ ಮಣ್ಣನ್ನು ಲೆಕ್ಕದಿಂದ ತೆಗೆಯದಿದ್ದರೆ ಎಲ್ಲ ಹೊಲವೂ ಬಾಯಾರಿದಂತೆ ಕಾಣುತ್ತದೆ.

ನಾನು ಎಂಜಿನಿಯರ್, ಊರಲ್ಲಿ ಜಮೀನಿದೆ. ನಾನೇ ಲೆಕ್ಕ ಮಾಡ್ಕೊಳ್ಳೋದು ಹೇಗೆ?

ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್‌ನ ಗಡಿ ನೋಡಿಕೊಳ್ಳಿ. ಯುರೋಪಿನವರ ಕೊಪರ್ನಿಕಸ್ ಬ್ರೌಸರ್ ತಾಣದಲ್ಲಿ ಸೆಂಟಿನೆಲ್-2ರ ಎಲ್2ಎ ಚಿತ್ರ ಇಳಿಸಿಕೊಳ್ಳಿ. ಎಲ್1ಸಿ ಬೇಡ, ಅದರಲ್ಲಿ ಗಾಳಿಯ ಮಬ್ಬು ತೆಗೆದಿರುವುದಿಲ್ಲ. ಕ್ಯೂಜಿಐಎಸ್ ನಕ್ಷೆ ಕೆಲಸದ ಪುಕ್ಕಟೆ ಸಾಫ್ಟ್‌ವೇರ್. ಅದರ ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಬ್ಯಾಂಡ್ 8 ಇನ್‌ಫ್ರಾರೆಡ್, ಬ್ಯಾಂಡ್ 4 ಕೆಂಪು. ಮೋಡ, ನೆರಳು ತೆಗೆಯಲು ಚಿತ್ರದ ಜೊತೆ ಬರುವ ಎಸ್‌ಸಿಎಲ್ ಪದರ ಬಳಸಿ. ಗಡಿಯಿಂದ 10 ಮೀಟರ್ ಒಳಗೆ ಬಂದು ಸರಾಸರಿ ತೆಗೆಯಿರಿ.

ಬಹಳ ಜನ ಎಡವುವ ಒಂದು ಜಾಗ ಇದೆ. 2022ರ ಜನವರಿ 25ರಿಂದ ಬಂದ ಚಿತ್ರಗಳಲ್ಲಿ ಪ್ರತಿ ಬ್ಯಾಂಡಿನ ಅಂಕಿಗೂ 1000 ಕೂಡಿಸಿರುತ್ತಾರೆ. ಅದನ್ನು ಕಳೆದ ಮೇಲೆ ಎನ್‌ಡಿವಿಐ ಮಾಡಬೇಕು. ಕಳೆಯದಿದ್ದರೆ ಛೇದ ದೊಡ್ಡದಾಗಿ ಎನ್‌ಡಿವಿಐ ಕಡಿಮೆ ಬರುತ್ತದೆ. 2021ರ ಚಿತ್ರದ ಪಕ್ಕ ಇಟ್ಟರೆ 2022ರಿಂದ ನಿಮ್ಮ ಜಮೀನು ಬಂಜರಾಗುತ್ತಿರುವಂತೆ ಕಾಣುತ್ತದೆ. ಕೆಲವು ತಾಣಗಳು ಇದನ್ನು ತಾವೇ ಸರಿಮಾಡಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೆರೆಯ ನೀರಿನ ಮೇಲಿನ ಅಂಕಿ ನೋಡಿ: ತಿಳಿ ನೀರಿನ ಇನ್‌ಫ್ರಾರೆಡ್ 1000ದ ಮೇಲೇ ಕೂತಿದ್ದರೆ ಇನ್ನೂ ಕಳೆದಿಲ್ಲ ಎಂದು ಅರ್ಥ.